ಬಾಯಿ ಮೇಲೆ ಬೆರಳು

ಡಿಸೆಂಬರ್ ಬಂತೆಂದರೆ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಂ, ಚಾಮರಾಜಪೇಟೆಗಳಲ್ಲಿ ಎರಡೂವರೆ ವರ್ಷದ ಕೂಸುಗಳಿಗೆ ಅಡ್ಮಿಷನ್ನಿನ ಕಾಲ. ಶಾಲೆ ನೋಡಿಕೊಂಡು ಬಂದ ಅಪ್ಪ ಅಮ್ಮ ಮನೆಯಲ್ಲಿ ಮೊದಲು ಎತ್ತುವ ಮಾತು ಫೀಸಿನದಲ್ಲ. “ಡಿಸಿಪ್ಲಿನ್ ತುಂಬಾ ಚೆನ್ನಾಗಿದೆ. ಒಳಗೆ ಮೂವತ್ತು ಮಕ್ಕಳಿದ್ದಾರೆ ಅಂತ ಗೊತ್ತೇ ಆಗಲ್ಲ, ಪಿನ್ ಡ್ರಾಪ್ ಸೈಲೆನ್ಸ್.” ಅಜ್ಜಿ ತಾತ ತಲೆದೂಗುತ್ತಾರೆ. ಮೂರು ವರ್ಷದ ಮೂವತ್ತು ಮಕ್ಕಳಿರುವ ಕೋಣೆಯಿಂದ ಸದ್ದೇ ಬರುತ್ತಿಲ್ಲವೆಂದರೆ ಗಾಬರಿಯಾಗಬೇಕಿತ್ತು. ನಮಗೆ ಸಮಾಧಾನವಾಗುತ್ತದೆ.

ಈ ಸಮಾಧಾನದ ತಳದಲ್ಲಿರುವ ನಂಬಿಕೆ ಸರಳ: ಮೊದಲು ಮಗುವನ್ನು ಕೂರಿಸಬೇಕು, ಕೂತ ಮಗುವಿನ ಕೈಲಿ ಬರೆಸಬೇಕು, ಬರೆದು ಮುಗಿಸಿದ ಮೇಲೆ ಹೊತ್ತು ಉಳಿದರೆ ಆಟ. ‘ಕೈ ಕಟ್ಟು, ಬಾಯಿ ಮೇಲೆ ಬೆರಳಿಡು’ ಎಂದ ಕೂಡಲೇ ಇಡುವ ಮಗುವಿಗೆ ಶಿಸ್ತು ಬಂದಿದೆ ಎಂದು ಲೆಕ್ಕ. ಈ ನಂಬಿಕೆ ಬುಡದಿಂದಲೇ ತಪ್ಪು ಎನ್ನುವುದು ನನ್ನ ವಾದ. ಬೆರಳಿಟ್ಟುಕೊಂಡ ಮಗುವನ್ನು ಹಿಡಿದು ಕೂರಿಸಿರುವುದು ಮಿಸ್ ಕಣ್ಣು. ಫೋನ್ ಬಂತೆಂದು ಮಿಸ್ ಆಚೆ ಹೋಗಲಿ, ಅರ್ಧ ನಿಮಿಷದಲ್ಲಿ ಕ್ಲಾಸು ಸಂತೆಯಾಗುತ್ತದೆ. ಹತೋಟಿ ಮಗುವಿನೊಳಗೆ ಇದ್ದಿದ್ದರೆ ಮಿಸ್ ಹಿಂದೆ ಅದೂ ಬಾಗಿಲು ದಾಟಿ ಹೋಗುತ್ತಿರಲಿಲ್ಲ. ತನ್ನ ಕೈಯನ್ನು ತಾನೇ ತಡೆಯುವುದು, ಕೇಳಿದ್ದನ್ನು ತಲೆಯಲ್ಲಿ ಹಿಡಿದಿಟ್ಟುಕೊಳ್ಳುವುದು, ನಿಯಮ ಬದಲಾದರೆ ತಾನೂ ಬದಲಾಗುವುದು, ಇವೆಲ್ಲ ಮೂರು–ನಾಲ್ಕು ವರ್ಷದ ಮಗುವಿಗೆ ಒದಗುವುದು ಆಟದಲ್ಲಿ. ಉಳಿದರೆ ಕೊಡೋಣ ಎಂದು ನಾವು ಕೊನೆಗೆ ತಳ್ಳಿರುವುದೇ ಮೊದಲಿಗೆ ಬೇಕಾದದ್ದು.

ಕೆರೆ–ದಡ ಯಾರಿಗೆ ಗೊತ್ತಿಲ್ಲ? ನೆಲದ ಮೇಲೆ ಸೀಮೆಸುಣ್ಣದ ಒಂದು ಗೆರೆ. ಈ ಕಡೆ ದಡ, ಆ ಕಡೆ ಕೆರೆ. ಆಡಿಸುವವರು ‘ಕೆರೆ’ ಎಂದರೆ ಒಳಕ್ಕೆ ನೆಗೆಯಬೇಕು, ‘ದಡ’ ಎಂದರೆ ಆಚೆಗೆ. ಕೆರೆ, ದಡ, ಕೆರೆ, ದಡ ಎಂದು ಮಕ್ಕಳ ಮೈ ಲಯಕ್ಕೆ ಬಿದ್ದಿರುತ್ತದೆ. ಆಗ ಇದ್ದಕ್ಕಿದ್ದಂತೆ ‘ದಡ’ದ ಮೇಲೆ ಇನ್ನೊಂದು ‘ದಡ’. ಆಗಲೇ ಕಾಲೆತ್ತಿದ ಮಗು ಆ ಕಾಲನ್ನು ಗಾಳಿಯಲ್ಲೇ ನಿಲ್ಲಿಸಬೇಕು. ತೋಳು ಬೀಸುತ್ತದೆ, ಸೊಂಟ ತಿರುಚುತ್ತದೆ, ನಾಲಿಗೆ ಕಚ್ಚಿಕೊಳ್ಳುತ್ತದೆ, ಹೇಗೋ ನಿಲ್ಲುತ್ತದೆ. ಆ ಕ್ಷಣದಲ್ಲಿ ಅದನ್ನು ಹಿಡಿದು ನಿಲ್ಲಿಸಿದವರು ಬೇರೆ ಯಾರೂ ಇಲ್ಲ. ಯಾರೂ ಕಣ್ಣು ಬಿಡಲಿಲ್ಲ, ಡೈರಿಯಲ್ಲಿ ಕೆಂಪು ಶಾಯಿಯಲ್ಲಿ ಬರೆಯುತ್ತೇನೆ ಎನ್ನಲಿಲ್ಲ. ಆಟದಲ್ಲಿ ಉಳಿಯಬೇಕೆಂಬ ಆಸೆಯೊಂದೇ ಸಾಕಾಯಿತು. ಕಾಲು ಗಂಟೆ ಆಡಿದರೆ ಇಂಥ ಹತ್ತಾರು ಕ್ಷಣ ಸಿಗುತ್ತವೆ. ಕೈಕಟ್ಟಿಸಿ ಕೂರಿಸಿದ ಕಾಲು ಗಂಟೆಯಲ್ಲಿ ಎಷ್ಟು ಸಿಗುತ್ತವೆ, ಹೇಳಿ.

‘ಹಾರಿತು’ ಆಟವೂ ಅಷ್ಟೆ. ಕಾಗೆ ಹಾರಿತು ಎಂದರೆ ಕೈ ಮೇಲೆ, ಗಿಳಿ ಹಾರಿತು ಎಂದರೂ ಮೇಲೆ. ಎಮ್ಮೆ ಹಾರಿತು ಎಂದಾಗ ಕೈ ನೆಲ ಬಿಡಬಾರದು. ಎಮ್ಮೆಯನ್ನು ಹಾರಿಸಿಬಿಟ್ಟವರನ್ನು ನೋಡಿ ಕ್ಲಾಸಿಗೆ ಕ್ಲಾಸೇ ನಗುತ್ತದೆ, ಹಾರಿಸಿದವರೂ ನಗುತ್ತಾರೆ. ಮಕ್ಕಳ ಮನಸ್ಸನ್ನು ಓದುವವರು ಪ್ರಯೋಗಾಲಯದಲ್ಲಿ ಬಳಸುವ ಪರೀಕ್ಷೆಗಳು ನೋಡಲು ಇದಕ್ಕಿಂತ ಬೇರೆಯಾಗಿಲ್ಲ. ಅವುಗಳಲ್ಲಿ ಹೆಸರಾದ ಒಂದರಲ್ಲಿ, ತಲೆ ಮುಟ್ಟು ಎಂದರೆ ಮಗು ಕಾಲ್ಬೆರಳು ಮುಟ್ಟಬೇಕು, ಕಾಲ್ಬೆರಳು ಎಂದರೆ ತಲೆ. ಆ ಪರೀಕ್ಷೆಯನ್ನು ಬೆಳೆಸಿದವರಲ್ಲಿ ಒಬ್ಬರಾದ, ಅಮೆರಿಕದ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಮೇಗನ್ ಮೆಕ್‌ಕ್ಲೆಲಂಡ್ ತಮ್ಮ ಸಹೋದ್ಯೋಗಿ ಶಾನಾ ಟೊಮಿನಿ ಜೊತೆ 65 ಮಕ್ಕಳೊಂದಿಗೆ ನಡೆಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಎಂಟು ವಾರ, ವಾರಕ್ಕೆ ಎರಡು ಸಲ, ಅರ್ಧರ್ಧ ಗಂಟೆ ಆಟ. ಒಂದು ಬಣ್ಣದ ಕಾಗದ ತೋರಿಸಿದರೆ ನಿಲ್ಲು, ಇನ್ನೊಂದು ಬಣ್ಣಕ್ಕೆ ಹೊರಡು. ಆಮೇಲೆ ಬಣ್ಣಗಳ ಅರ್ಥ ಅದಲುಬದಲು. ಖರ್ಚೆಂದರೆ ಎರಡು ಹಾಳೆ ಕಾಗದ. ಹೆಚ್ಚು ಲಾಭವಾದದ್ದು ಯಾರಿಗೆ ಎಂಬುದನ್ನು ಮುಂದೆ ಹೇಳುತ್ತೇನೆ, ನಮ್ಮ ಶಾಲೆಗಳು ತಲೆ ತಗ್ಗಿಸಬೇಕಾದ ಜಾಗ ಅದು.

ಅದಕ್ಕೆ ಮೊದಲು ‘ಎಷ್ಟು ಸಲ ಹೇಳಬೇಕು ನಿನಗೆ?’ ಎಂಬ ಬೈಗುಳದ ಬಗ್ಗೆ. ಟೊರಾಂಟೊದಲ್ಲಿ ಫಿಲಿಪ್ ಜೆಲಾಜೊ ಮತ್ತು ಸಂಗಡಿಗರು 1990ರ ದಶಕದಲ್ಲಿ ಮೂರು ವರ್ಷದ ಮಕ್ಕಳಿಗೆ ಚಿತ್ರದ ಕಾರ್ಡುಗಳನ್ನು ಕೊಟ್ಟು, ಮೊದಲು ಬಣ್ಣದ ಪ್ರಕಾರ ಬೇರ್ಪಡಿಸಲು ಹೇಳಿದರು. ಮಕ್ಕಳು ಸಲೀಸಾಗಿ ಮಾಡಿದರು. ಆಮೇಲೆ ‘ಈಗ ಬಣ್ಣ ಬೇಡ, ಆಕಾರ ನೋಡಿ ಹಾಕು’ ಎಂದರು. ಮೂರರ ಮಕ್ಕಳಲ್ಲಿ ಬಹುಪಾಲು ಹಳೆಯ ಗುಡ್ಡೆಗೇ ಹಾಕುತ್ತ ಹೋದವು. ಬೆರಗಿನ ಸಂಗತಿ ಇದಲ್ಲ. ಹೊಸ ನಿಯಮ ಏನೆಂದು ಕೇಳಿದರೆ ಅದೇ ಮಕ್ಕಳು ಸರಿಯಾಗಿ ಹೇಳುತ್ತಿದ್ದವು! ಬಾಯಿಗೆ ಗೊತ್ತು, ಕೈ ಕೇಳುವುದಿಲ್ಲ. ನಾಲ್ಕು–ಐದರ ಹೊತ್ತಿಗೆ ಇದೇ ಕೆಲಸ ಹೆಚ್ಚಿನ ಮಕ್ಕಳಿಗೆ ಸಾಧ್ಯವಾಗುತ್ತದೆ. ಹಾಗಿರುವಾಗ ಮೂರರ ಮಗುವಿನ ಕಿವಿ ಹಿಂಡಿ ನಿಯಮವನ್ನು ಇನ್ನೊಮ್ಮೆ ಒಪ್ಪಿಸುವುದರಿಂದ ಏನು ಬಂತು? ನಿಯಮ ಅದಕ್ಕೆ ಬಾಯಿಪಾಠವಾಗಿದೆ. ಬೇಕಾಗಿರುವುದು ಅದನ್ನು ಕೈಗೆ ಇಳಿಸುವ ಅಭ್ಯಾಸ, ತಪ್ಪಿದರೆ ನಕ್ಕು ಮತ್ತೆ ನಿಂತುಕೊಳ್ಳುವಷ್ಟು ಸಲೀಸಾದ ಅಭ್ಯಾಸ.

ಈಗ ಆ ತಲೆ ತಗ್ಗಿಸುವ ವಿಷಯ. ಒರೆಗಾನ್ ಅಧ್ಯಯನದಲ್ಲಿ ಆಟದಿಂದ ಹೆಚ್ಚು ಗೆದ್ದವರು ಶುರುವಿನಲ್ಲಿ ಎಲ್ಲರಿಗಿಂತ ಹಿಂದಿದ್ದ ಮಕ್ಕಳು: ಕೂತಲ್ಲಿ ಕೂರದ, ಮಾತಿನ ಮಧ್ಯೆ ಬಾಯಿ ಹಾಕುವ, ಪಕ್ಕದವನ ಪೆನ್ಸಿಲ್ ಕಸಿಯುವ ಮಕ್ಕಳು. ನಮ್ಮಲ್ಲಿ ಇದೇ ಮಕ್ಕಳಿಗೆ ಕೊಡುವ ಶಿಕ್ಷೆ ಯಾವುದು? “ತಂಟೆ ಮಾಡಿದ್ಯಲ್ಲ, ನೀನು ಇವತ್ತು ಆಟಕ್ಕಿಲ್ಲ, ಮೂಲೆಯಲ್ಲಿ ಕೂತ್ಕೋ.” ನೀರಿಗಿಳಿಯಲು ಬಾರದವನನ್ನು ಮೆಟ್ಟಿಲ ಮೇಲೆ ಕೂರಿಸಿ ಈಜು ಬರಲಿ ಎಂದು ಕಾಯುವ ಹಾಗೆ ಇದು. ಆಟಕ್ಕೆ ಬಿಟ್ಟಾಗಲೂ ಇನ್ನೊಂದು ತಪ್ಪು ಕಾದಿರುತ್ತದೆ. ಕುರ್ಚಿ ಆಟವಾಗಲಿ ಕೆರೆ–ದಡವಾಗಲಿ, ತಪ್ಪಿದವರು ಔಟ್. ಮೊದಲ ಸುತ್ತಿನಲ್ಲೇ ಔಟಾಗುವುದು ಅಭ್ಯಾಸ ಎಲ್ಲರಿಗಿಂತ ಹೆಚ್ಚು ಬೇಕಾದ ಮಗು; ಕೊನೆಯವರೆಗೂ ಆಡುವುದು ಅಭ್ಯಾಸವೇ ಬೇಡದ ಮಗು. ತಿಳಿದ ಮಿಸ್ ಔಟ್ ಮಾಡುವುದಿಲ್ಲ. ಎಮ್ಮೆ ಹಾರಿಸಿದವರು ಒಂದು ಸುತ್ತು ಎಮ್ಮೆಯ ಹಾಗೆ ಕೂಗಿ ಮತ್ತೆ ಸೇರಿಕೊಳ್ಳಲಿ, ಅಥವಾ ಮುಂದಿನ ಸುತ್ತಿಗೆ ಅವರೇ ಕೂಗು ಹಾಕುವವರಾಗಲಿ. ಕೂಗು ಹಾಕುವವನಿಗೆ ಎಲ್ಲರಿಗಿಂತ ಹೆಚ್ಚು ತಲೆ ಓಡಿಸುವ ಕೆಲಸವಿದೆ. ಎದುರಿನವರನ್ನು ಯಾವಾಗ ಏಮಾರಿಸಬೇಕೆಂದು ಅವನು ಯೋಚಿಸಬೇಕು.

ಆಟ ಮನೆಯಲ್ಲೂ ಆಡಬಹುದಲ್ಲ, ಫೀಸು ಕಟ್ಟುವುದು ಕಲಿಯಲಿ ಅಂತ ತಾನೇ? ಇದು ಎಲ್ಲರ ಬಾಯಲ್ಲಿರುವ ಆಕ್ಷೇಪ, ಒಂದು ಕಾಲಕ್ಕೆ ನಿಜವೂ ಆಗಿತ್ತು. 1898ರ ಪ್ಲೇಗಿನ ಹೆದರಿಕೆಯಲ್ಲಿ ಗಾಳಿ ಬೆಳಕಿಗೆಂದು ಬೆಳೆಸಿದ ಬಡಾವಣೆಗಳು ನಮ್ಮ ಮಲ್ಲೇಶ್ವರಂ ಮತ್ತು ಬಸವನಗುಡಿ. ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ, ವಠಾರದ ನಡುವೆ ಅಂಗಳ, ಮುಂದೆ ಕಾರಿಲ್ಲದ ರಸ್ತೆ. ಜೂಟಾಟ, ಐಸ್ ಪೈಸ್, ಕುಂಟೆಬಿಲ್ಲೆ ಎಲ್ಲಕ್ಕೂ ಜಾಗವಿತ್ತು, ಹತ್ತು ವರ್ಷದವರಿಂದ ಮೂರು ವರ್ಷದವರ ತನಕ ಜನವೂ ಇದ್ದರು. ತೀರ ಚಿಕ್ಕವರನ್ನು ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂದು ಸೇರಿಸಿಕೊಳ್ಳುತ್ತಿದ್ದರು. ಔಟಾದರೂ ಔಟಲ್ಲ, ದೊಡ್ಡವರ ಜೊತೆ ಓಡಿ ಓಡಿ ನಿಯಮ ಮೈಗೂಡಿಸಿಕೊಂಡರೆ ಸಾಕು. ಮಕ್ಕಳೇ ಕಂಡುಕೊಂಡ ಈ ಏರ್ಪಾಡಿಗಿಂತ ಒಳ್ಳೆಯ ಪೂರ್ವ ಪ್ರಾಥಮಿಕ ಶಿಕ್ಷಣ ಪದ್ಧತಿಯನ್ನು ನಾನಂತೂ ಕಂಡಿಲ್ಲ. ಈಗ ವಠಾರ ಒಡೆದು ಅಪಾರ್ಟ್‌ಮೆಂಟ್ ಆಗಿದೆ, ರಸ್ತೆಯ ಎರಡೂ ಬದಿ ಕಾರು ನಿಂತಿದೆ, ಪಾರ್ಕಿನಲ್ಲಿ ಚೆಂಡಾಟ ನಿಷೇಧ ಎಂಬ ಬೋರ್ಡಿದೆ, ಮನೆಯಲ್ಲಿ ಒಂದೇ ಮಗು. ಆ ಮಗು ತನ್ನ ವಯಸ್ಸಿನ ಇಪ್ಪತ್ತು ಮಕ್ಕಳನ್ನು ಒಟ್ಟಿಗೆ ಕಾಣುವ ಜಾಗ ಇಡೀ ದಿನದಲ್ಲಿ ಒಂದೇ ಒಂದು, ಅದು ಕ್ಲಾಸು. ಅಲ್ಲೂ ಬರೆಸುತ್ತ ಕೂತರೆ ಆಡುವುದು ಎಲ್ಲಿ?

ಈ ಪ್ರಶ್ನೆ ಇವತ್ತಿನದೂ ಅಲ್ಲ. ಬಾಲವಿಧವೆಯಾಗಿ ಬದುಕು ಶುರು ಮಾಡಿ, 1921ರಲ್ಲಿ ‘ಸರಸ್ವತಿ’ ಪತ್ರಿಕೆ ತೆಗೆದು ದಶಕಗಳ ಕಾಲ ನಡೆಸಿದ ಆರ್. ಕಲ್ಯಾಣಮ್ಮ, 1938ರಲ್ಲಿ ಮಕ್ಕಳ ಕೂಟ ಕಟ್ಟಿದರು. ಬೀದಿಯೇ ಅಂಗಳವಾಗಿದ್ದ ದಿನಗಳಲ್ಲೂ ಮಕ್ಕಳು ಒಟ್ಟಾಗಿ ಆಡಿ ಹಾಡಲು ಪಾಠಶಾಲೆಯ ಆಚೆ ಒಂದು ಜಾಗ ಬೇಕು ಎಂದು ಅವರಿಗೆ ಹೊಳೆದಿತ್ತು. ಚಾಮರಾಜಪೇಟೆಗೆ ಹೋಗುವ ಬಸ್ಸಿನಲ್ಲಿ ಮಕ್ಕಳ ಕೂಟಕ್ಕೆ ಟಿಕೆಟ್ ಕೇಳುವ ನಮಗೆ ಅದು ಒಂದು ಸ್ಟಾಪು.

ಮಾಂಟೆಸರಿಯ ಹೆಸರಿಗೂ ಇದೇ ಗತಿ. ಬಸವನಗುಡಿ, ಮಲ್ಲೇಶ್ವರಂ, ಚಾಮರಾಜಪೇಟೆಗಳಲ್ಲಿ ನಾಲ್ಕು ರಸ್ತೆ ನಡೆದರೆ ಒಂದು ಮಾಂಟೆಸರಿ ಬೋರ್ಡು ಸಿಗುತ್ತದೆ. ನಿಷ್ಠೆಯಿಂದ ನಡೆಸುವ ಮನೆಗಳಿವೆ, ಅವುಗಳಿಗೆ ನಮಸ್ಕಾರ. ಆದರೆ ಬೋರ್ಡಿಗೆ ಹೆಸರು ಬರೆಸಲು ಯಾರ ಅಪ್ಪಣೆಯೂ ಬೇಕಿಲ್ಲವಾದ್ದರಿಂದ ಹೊರಗೆ ಮಾಂಟೆಸರಿ, ಒಳಗೆ ನಾಲ್ಕು ಗೆರೆ ಪುಸ್ತಕದಲ್ಲಿ ಕರ್ಸಿವ್ ಬರವಣಿಗೆ ಎನ್ನುವುದೂ ಉಂಟು. ಮರಿಯಾ ಮಾಂಟೆಸರಿ 1939ರಲ್ಲಿ ಮದರಾಸಿನ ಅಡಯಾರಿಗೆ ಬಂದು, ಯುದ್ಧದಿಂದಾಗಿ 1946ರವರೆಗೆ ಭಾರತದಲ್ಲೇ ಉಳಿದರು. ಅವರೂ ಮಕ್ಕಳಿಂದ ಮೌನ ಮಾಡಿಸುತ್ತಿದ್ದರು, ಆಟವಾಗಿ! ರೋಮಿನ ಮೊದಲ ಮಕ್ಕಳ ಮನೆಯಲ್ಲಿ ಒಂದು ದಿನ ನಾಲ್ಕು ತಿಂಗಳ ಕೂಸನ್ನು ಎತ್ತಿಕೊಂಡು ಬಂದು, ಇದು ಎಷ್ಟು ಸದ್ದಿಲ್ಲದೆ ಇದೆ ನೋಡಿ, ನಿಮ್ಮಿಂದ ಆಗುತ್ತದೆಯೇ ಎಂದು ಕೆಣಕಿದರಂತೆ. ಮಕ್ಕಳು ಉಸಿರು ಬಿಗಿಹಿಡಿದು ಕೂತವು. ಆ ಮೌನದಲ್ಲಿ ಪ್ರತಿ ಮಗುವೂ ತನ್ನ ಮೈಯನ್ನು ತಾನೇ ನಿಲ್ಲಿಸುತ್ತಿತ್ತು. ನಮ್ಮ ಪಿನ್ ಡ್ರಾಪ್ ಸೈಲೆನ್ಸಿಗೂ ಅದಕ್ಕೂ ಹೊರಗಿನಿಂದ ಯಾವ ವ್ಯತ್ಯಾಸವೂ ಕೇಳಿಸುವುದಿಲ್ಲ. ನಾವು ಮೋಸಹೋಗುವುದು ಅಲ್ಲೇ.

ನಟನೆಯ ಆಟಕ್ಕಂತೂ ಇದಕ್ಕಿಂತ ಹೆಚ್ಚಿನ ಬಲವಿದೆ. ಸೋವಿಯೆತ್ ಮನಶ್ಶಾಸ್ತ್ರಜ್ಞೆ ಮನುಯ್ಲೆಂಕೊ 1940ರ ದಶಕದಲ್ಲಿ ನಡೆಸಿದ ಪ್ರಯೋಗ ಹೆಸರಾದದ್ದು. ಸುಮ್ಮನೆ ನಿಲ್ಲು ಎಂದಾಗ ನಿಲ್ಲಲಾರದ ಮಕ್ಕಳು, ನೀನು ಕಾವಲುಗಾರ ಎಂದಾಗ ಎಷ್ಟೋ ಹೆಚ್ಚು ಹೊತ್ತು ನಿಂತರು. ಕ್ಲಾಸಿನಲ್ಲಿ ಗಾಂಧಿ ಬಜಾರ್ ಹೂಡಿ ನೋಡಿ. ಹೂ ಮಾರುವವಳು ಮೊಳ ಹಾಕುವ ತನಕ ಗಿರಾಕಿ ಕಾಯಲೇಬೇಕು, ಇಲ್ಲದಿದ್ದರೆ ಅವನು ಗಿರಾಕಿಯೇ ಅಲ್ಲ. ಮೊಳ ಹಾಕುವವಳು ಎಷ್ಟಾಯಿತೆಂದು ನೆನಪಿಡಬೇಕು, ಚೌಕಾಸಿಗೆ ಉತ್ತರ ಹೊಳೆಯಬೇಕು. ಬರವಣಿಗೆ ಪುಸ್ತಕದ ಯಾವ ಪುಟದಲ್ಲೂ ಇಷ್ಟು ಲೆಕ್ಕವೂ ಇಲ್ಲ, ಇಷ್ಟು ತಾಳ್ಮೆಯೂ ಇಲ್ಲ.

ತಾಳ್ಮೆ ಎಂದಾಗ ಆ ಮಿಠಾಯಿ ಪರೀಕ್ಷೆ ನೆನಪಾಗಿಯೇ ಆಗುತ್ತದೆ. ಒಂದು ಮಾರ್ಷ್‌ಮ್ಯಾಲೋ ಎದುರಿಗಿಟ್ಟು, ನಾನು ಬರುವ ತನಕ ತಿನ್ನದಿದ್ದರೆ ಎರಡು ಕೊಡುತ್ತೇನೆ ಎಂದು ಹೋಗುವುದು. ಸ್ಟ್ಯಾನ್‌ಫರ್ಡಿನಲ್ಲಿ ವಾಲ್ಟರ್ ಮಿಶೆಲ್ ಶುರು ಮಾಡಿದ್ದು, ಈಗ ನಮ್ಮ ಅಪ್ಪ ಅಮ್ಮಂದಿರು ಚಾಕೊಲೇಟ್ ಇಟ್ಟು ಮೊಬೈಲಿನಲ್ಲಿ ರೀಲ್ಸ್ ಮಾಡುವುದು. ಕಾದ ಮಕ್ಕಳು ಮುಂದೆ ಬದುಕಿನಲ್ಲಿ ಗೆದ್ದರು ಎಂಬ ಕಥೆ ಎಲ್ಲರಿಗೂ ಗೊತ್ತು. 2018ರಲ್ಲಿ ಟೈಲರ್ ವಾಟ್ಸ್ ಮತ್ತಿತರರು 900ಕ್ಕೂ ಹೆಚ್ಚು ಮಕ್ಕಳ ವಿವರ ತೆಗೆದು ನೋಡಿದಾಗ, ಮನೆಯ ಪರಿಸ್ಥಿತಿಯನ್ನು ಲೆಕ್ಕಕ್ಕೆ ಹಿಡಿದ ಮೇಲೆ ಆ ಗೆಲುವು ಬಹುಪಾಲು ಕರಗಿಹೋಯಿತು ಎಂಬ ಕಥೆ ಅಷ್ಟಾಗಿ ಯಾರ ರೀಲ್ಸಿಗೂ ಬರಲಿಲ್ಲ. ನನಗೆ ಇವೆರಡಕ್ಕಿಂತ ಮುಖ್ಯವೆನಿಸುವುದು 2013ರಲ್ಲಿ ಪ್ರಕಟವಾದ, ರಾಚೆಸ್ಟರಿನ ಸೆಲೆಸ್ಟ್ ಕಿಡ್ ಅವರ ಸಣ್ಣ ಪ್ರಯೋಗ. ಬರೀ 28 ಮಕ್ಕಳು. ಮಿಠಾಯಿ ಇಡುವ ಮೊದಲು ಅರ್ಧದಷ್ಟು ಮಕ್ಕಳಿಗೆ, ಚಿತ್ರ ಬಿಡಿಸಲು ಒಳ್ಳೆಯ ಸಾಮಾನು ತರುತ್ತೇನೆ ಎಂದು ಹೇಳಿ ತಂದುಕೊಟ್ಟರು. ಉಳಿದವರಿಗೆ ಹಾಗೆಯೇ ಹೇಳಿ ಬರಿಗೈಯಲ್ಲಿ ಬಂದರು. ಮಾತು ಉಳಿಸಿಕೊಂಡವರಿಗಾಗಿ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರಿಗಾಗಿ 3 ನಿಮಿಷ.

ಈಗ ನಮ್ಮ ಟೈಮ್‌ಟೇಬಲ್ ನೋಡಿ. ‘ಬೇಗ ಬೇಗ ಬರೆದರೆ ಆಮೇಲೆ ಆಟಕ್ಕೆ ಬಿಡ್ತೀನಿ.’ ಬರೆದು ಮುಗಿಸುವ ಹೊತ್ತಿಗೆ ಬೆಲ್ಲು. ಶುಕ್ರವಾರದ ಗೇಮ್ಸ್ ಪೀರಿಯಡ್ ಆನ್ಯುವಲ್ ಡೇ ಡ್ಯಾನ್ಸಿನ ಪ್ರಾಕ್ಟೀಸಿಗೆ ಹೋಯಿತು, ಅದರ ಹಿಂದಿನ ವಾರದ್ದು ಪೋರ್ಷನ್ ಮುಗಿಸಲು. ವಾರಕ್ಕೊಮ್ಮೆ ಹೀಗೆ ಮಾತು ತಪ್ಪುತ್ತ ಬಂದ ದೊಡ್ಡವರು, ಈ ಮಗುವಿಗೆ ತಾಳ್ಮೆಯೇ ಇಲ್ಲ ಎಂದು ರಿಪೋರ್ಟಿನಲ್ಲಿ ಬರೆಯುತ್ತಾರೆ. ಇವರ ಮಾತಿಗೆ ಕಾಯಬಾರದೆಂದು ಮಗು ಸರಿಯಾಗಿಯೇ ಲೆಕ್ಕ ಹಾಕಿದೆ.

ಇಷ್ಟೆಲ್ಲ ಆದಮೇಲೂ ಉಳಿಯುವುದು ಹಿಂದೆ ಬೀಳುವ ಭಯ. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂದು ಕರ್ನಾಟಕ ಸರ್ಕಾರ 2022ರಲ್ಲಿ ಆದೇಶ ಮಾಡಿ, 2025–26ರಿಂದ ಜಾರಿ ಎಂದಿತು. ಹತ್ತಿರ ಬಂದಾಗ ಪೋಷಕರು ಗಲಾಟೆ ಎಬ್ಬಿಸಿದರು. ಕೆಲವು ವಾರ, ಕೆಲವು ತಿಂಗಳು ಕಮ್ಮಿ ಬಿದ್ದದ್ದಕ್ಕೆ ಮಗುವಿನ ಒಂದು ವರ್ಷ ವೇಸ್ಟ್ ಆಗುತ್ತದೆ ಎಂದರು. 2025ರ ಏಪ್ರಿಲ್‌ನಲ್ಲಿ ಸರ್ಕಾರ ಬಾಗಿ ಆ ಒಂದು ಸಾಲಿಗೆ ಐದು ವರ್ಷ ಐದು ತಿಂಗಳು ಸಾಕು ಎಂದಿತು. ಮೊದಲು ಸೇರಿಸಿಕೊಂಡು ನಡುವೆ ನಿಯಮ ತಿದ್ದಿದ್ದರ ಬಗ್ಗೆ ಪೋಷಕರ ಸಿಟ್ಟು ನ್ಯಾಯವೇ. ‘ವೇಸ್ಟ್’ ಎಂಬ ಮಾತಿಗೆ ಮಾತ್ರ ನನ್ನ ತಕರಾರು. ಐದೂವರೆಯ ಮಗು ಇನ್ನೊಂದು ವರ್ಷ ಆಡಿಕೊಂಡಿದ್ದರೆ ಹಾಳಾಗುವುದೇನು? ಅಮೆರಿಕದ ಟೆನೆಸೀ ರಾಜ್ಯದಲ್ಲಿ ಸುಮಾರು 3,000 ಬಡ ಮಕ್ಕಳನ್ನು ಹಿಂಬಾಲಿಸಿದ ಅಧ್ಯಯನ 2022ರಲ್ಲಿ ಹೊರಬಂತು. ಸೀಟು ಕಮ್ಮಿಯಿದ್ದಲ್ಲಿ ಚೀಟಿ ಎತ್ತಿ ಸೇರಿಸಿಕೊಂಡಿದ್ದರಿಂದ ಹೋಲಿಕೆ ನ್ಯಾಯವಾಗಿತ್ತು. ಸರ್ಕಾರಿ ಪೂರ್ವ ಪ್ರಾಥಮಿಕ ಕ್ಲಾಸಿಗೆ ಹೋದವರು ಮೊದಮೊದಲು ಮುಂದಿದ್ದರು. ಆರನೇ ತರಗತಿಯ ಹೊತ್ತಿಗೆ ಹೋಗದವರಿಗಿಂತ ಅಂಕದಲ್ಲೂ ಹಿಂದೆ, ಶಿಸ್ತಿನ ದೂರುಗಳಲ್ಲೂ ಮುಂದೆ. ಕೂರಿಸಿ ಪಾಠ ಮಾಡಿದ್ದೇ ಕಾರಣ ಎಂದು ಅದು ಸಾಬೀತು ಮಾಡಿಲ್ಲ. ಬೇಗ ಶುರು ಮಾಡಿದವರೇ ಮುಂದೆ ಎಂಬ ನಮ್ಮ ಗಟ್ಟಿ ನಂಬಿಕೆಯನ್ನಂತೂ ಅಲ್ಲಾಡಿಸಿದೆ.

ಮಲ್ಲೇಶ್ವರಂ, ಬಸವನಗುಡಿ ಸೇರಿಯೇ ಮಾಲ್ಗುಡಿಯಾಯಿತು ಎಂಬ ಕಥೆಯನ್ನು ಹೆಮ್ಮೆಯಿಂದ ಹೇಳಿಕೊಳ್ಳುವವರು ನಾವು. ಅದೇ ಆರ್.ಕೆ. ನಾರಾಯಣ್ ರಾಜ್ಯಸಭೆಗೆ ಹೋದಾಗ ಎತ್ತಿದ ಮಾತು ಒಂದೇ: ಮಕ್ಕಳ ಬೆನ್ನಿನ ಮೇಲಿನ ಪುಸ್ತಕದ ಹೊರೆ. ಆ ಮಾತಿನ ಎಳೆ ಹಿಡಿದೇ ಯಶಪಾಲ್ ಸಮಿತಿ ಬಂತು, 1993ರಲ್ಲಿ ವರದಿ ಕೊಟ್ಟಿತು. 2020ರ ಶಿಕ್ಷಣ ನೀತಿ, 2022ರ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟು, ಎಲ್ಲವೂ ಎಂಟು ವರ್ಷದವರೆಗೆ ಆಟವೇ ಪಾಠ ಎನ್ನುತ್ತವೆ. ಕಾಗದದಲ್ಲಿ ನಮಗೆ ಯಾವ ಕೊರತೆಯೂ ಇಲ್ಲ.

ಇನ್ನು ಆಟದ ಪರವಾಗಿಯೇ ಮಾತಾಡುತ್ತ ಬಂದಿರುವ ಹೊಸ ವ್ಯಾಪಾರಿಗಳು. ‘ಬ್ರೈನ್ ಜಿಮ್’, ‘ಫೋಕಸ್ ಬೂಸ್ಟರ್’ ಎಂದು ಡಬ್ಬಿಯಲ್ಲಿ ಕಾರ್ಡು ತುಂಬಿ ಸಾವಿರಾರು ರೂಪಾಯಿಗೆ ಮಾರುತ್ತಾರೆ. ಕೆಲವು ವರ್ಷದ ಹಿಂದೆ ಕಣ್ಣಿಗೆ ಪಟ್ಟಿ ಕಟ್ಟಿಸಿ ಓದಿಸುವ ‘ಮಿಡ್‌ಬ್ರೈನ್ ಆ್ಯಕ್ಟಿವೇಷನ್’ ಬಂದಿತ್ತು. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಪಟ್ಟಿಯ ಸಂದಿಯಿಂದ ಮಕ್ಕಳು ಇಣುಕುವುದನ್ನು ಊರೂರಿಗೆ ಹೋಗಿ ಬಯಲು ಮಾಡಬೇಕಾಯಿತು. ಮೂಢನಂಬಿಕೆಗಳನ್ನು ಪ್ರಶ್ನಿಸಿದ ಎಚ್. ನರಸಿಂಹಯ್ಯ ಓಡಾಡಿದ ಬಸವನಗುಡಿಯಲ್ಲೂ ಅದಕ್ಕೆ ಗಿರಾಕಿಗಳಿದ್ದರು ಎಂದರೆ ನನಗೆ ಆಶ್ಚರ್ಯವಾಗುವುದಿಲ್ಲ. ಹೊಸಬರು ಅಷ್ಟು ಒರಟಲ್ಲ, ಸಂಶೋಧನೆಯ ಹೆಸರು ಹೇಳುತ್ತಾರೆ. ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ 1972–73ರಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ, ಚಿಕ್ಕಂದಿನಲ್ಲಿ ತಡೆದುಕೊಳ್ಳುವ ಗುಣ ಹೆಚ್ಚಿದ್ದವರು ಮೂವತ್ತು ದಾಟಿದ ಮೇಲೆ ಆರೋಗ್ಯದಲ್ಲೂ ಹಣಕಾಸಿನಲ್ಲೂ ಮೇಲಿದ್ದರು, ನಿಜ. ಅಲ್ಲಿಂದ ನೆಗೆದು, ನಮ್ಮ ಡಬ್ಬಿ ಕೊಂಡರೆ ನಿಮ್ಮ ಮಗನೂ ಮೇಲೆ ಬರುತ್ತಾನೆ ಎನ್ನುವುದು ಶುದ್ಧ ಸುಳ್ಳು. ನಟನೆಯ ಆಟಗಳ ಸುತ್ತ ಕಟ್ಟಿದ ‘ಟೂಲ್ಸ್ ಆಫ್ ದ ಮೈಂಡ್’ ಎಂಬ ಕ್ರಮ ಕೆಲಸ ಮಾಡುತ್ತದೆಂದು ಆಡೆಲ್ ಡೈಮಂಡ್ 2007ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು; ಆಮೇಲಿನ ದೊಡ್ಡ ಅಧ್ಯಯನಗಳ ಫಲಿತಾಂಶ ಒಂದೇ ಥರ ಬರಲಿಲ್ಲ. ಎಮ್ಮೆ ಹಾರಿಸದೆ ಕೈ ತಡೆಯಲು ಕಲಿತ ಮಗು ಗಣಿತದಲ್ಲಿ ನೂರಕ್ಕೆ ನೂರು ತರುತ್ತದೆಂದು ನಾನು ಹೇಳುವುದಿಲ್ಲ, ಹೇಳುವವರನ್ನು ನಂಬುವುದೂ ಇಲ್ಲ. ಆಟವನ್ನು ಮಾರ್ಕ್ಸಿಗೆ ಮೆಟ್ಟಿಲು ಮಾಡುವವರು ಮತ್ತೆ ಅದೇ ಹಳೆಯ ನಂಬಿಕೆಯವರು. ಮಾರ್ಕ್ಸು ಬರದಿದ್ದರೆ ನಾಳೆ ಆಟವನ್ನೂ ಕಿತ್ತು ಹಾಕುತ್ತಾರೆ.

ಮಿಸ್‌ಗಳನ್ನು ಬೈಯುವುದು ಸುಲಭ. ಹಳೆಯ ಮನೆಯ ಹಾಲನ್ನು ಪ್ಲೈವುಡ್ಡಿನಿಂದ ಎರಡು ಭಾಗ ಮಾಡಿದ ಕ್ಲಾಸು, ಪೋರ್ಟಿಕೋದಲ್ಲಿ ಸಂಪಿನ ಮುಚ್ಚಳದ ಮೇಲೆ ಹಾಸಿದ ಹಸಿರು ಪ್ಲಾಸ್ಟಿಕ್ ಹುಲ್ಲೇ ‘ಪ್ಲೇ ಏರಿಯಾ’, ಕೈಗೆ ಬರುವ ಸಂಬಳ ಹೇಳಿಕೊಳ್ಳುವಂಥದ್ದಲ್ಲ. ಇಷ್ಟರಲ್ಲೂ ಗೆರೆ ಎಳೆದು ಕೆರೆ–ದಡ ಆಡಿಸುವವರು ಇದ್ದಾರೆ. ಅವರ ಕೈ ಕಟ್ಟುವುದು ಗೇಟಿನ ಹತ್ತಿರ ನಿಂತು ‘ಬುಕ್ಕಲ್ಲಿ ಏನೂ ಬರೆಸೇ ಇಲ್ಲವಲ್ಲ ಮಿಸ್?’ ಎಂದು ಕೇಳುವ ನಾವು. ಮುಂದಿನ ಪೇರೆಂಟ್ಸ್ ಮೀಟಿಂಗಿನಲ್ಲಿ ಬುಕ್ ಮುಚ್ಚಿಟ್ಟು ಎರಡೇ ಪ್ರಶ್ನೆ ಕೇಳಿ: ಈ ತಿಂಗಳು ಆಟದ ಪೀರಿಯಡ್ ಎಷ್ಟು ಸಲ ಬರವಣಿಗೆಗೆ ಹೋಯಿತು? ಯಾವ ಮಗುವನ್ನಾದರೂ ಆಟದಿಂದ ಹೊರಗೆ ಕೂರಿಸಿದ್ದಿರಾ? ಮೊದಲ ಸಲ ಉತ್ತರ ಸರಿಯಾಗಿ ಬರಲಿಕ್ಕಿಲ್ಲ. ಇಂಥ ಪ್ರಶ್ನೆಯನ್ನು ಇಷ್ಟು ವರ್ಷ ಯಾರೂ ಅವರಿಗೆ ಕೇಳಿರಲಿಲ್ಲ.